ಮುಂದಿನವನಿಗೆ ಕುರ್ಚಿ

ನಮ್ಮೂರ ಅಧ್ಯಕ್ಷರ ಕುರ್ಚಿಯನ್ನು ನಾನು ಈವರೆಗೆ ನೂರಾ ಹದಿನಾರು ಸಲ ಎತ್ತಿ ನಿಲ್ಲಿಸಿದ್ದೇನೆ. ನೂರಾ ಹದಿನೇಳನೆಯ ಸಲ ಎತ್ತಬೇಕಾಗಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಆದರೆ ಕುರ್ಚಿಯ ಪಕ್ಕದಲ್ಲಿ ನಿಂತಿದ್ದವಳು ನಾನು, ಆದ್ದರಿಂದ ನನ್ನ ಬಾಯಿಂದಲೇ ಕೇಳಿ. ನನ್ನ ಹೆಸರು ತಿಪ್ಪಕ್ಕ. ಊರ ಚಾವಡಿಯಲ್ಲಿ ಕುರ್ಚಿ ಎತ್ತುವ ಕೆಲಸ ನನ್ನದು. ನನಗಿಂತ ಮುಂಚೆ ನಮ್ಮತ್ತೆ ಎತ್ತುತ್ತಿದ್ದರು, ಅವರಿಗಿಂತ ಮುಂಚೆ ಅವರ ಅತ್ತೆ. ನಮ್ಮತ್ತೆ ಸೊಂಟ ಹಿಡಿದುಕೊಂಡು ಕೆಲಸ ಬಿಟ್ಟಾಗ ನನಗೆ ಕೊಟ್ಟ ಆಸ್ತಿ ಅಂದರೆ ಇದೊಂದೇ.

ಒಂಬತ್ತು ಕೇರಿಗೆ ಒಂಬತ್ತು ಜನ ಮೆಂಬರು. ಒಬ್ಬರು ಕಟ್ಟೆಯ ಮೇಲಿನ ಕುರ್ಚಿಯಲ್ಲಿ, ಮಿಕ್ಕ ಎಂಟು ಜನ ಕೆಳಗೆ ಬೆಂಚಿನ ಮೇಲೆ. ಕುರ್ಚಿಯಲ್ಲಿ ಕೂತವರು ಒಂದು ಮಾತು ಎತ್ತುತ್ತಾರೆ. ಎಂಟೂ ಜನ ಕೂತಲ್ಲಿಂದಲೇ 'ಹೂಂ' ಅಂದರೆ ಅದು ಊರಿನ ಕಟ್ಟಳೆ. ಒಪ್ಪದವರು ಎದ್ದು, ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆಯವರೆಗೆ ಬಂದು 'ಊಹೂಂ' ಅನ್ನಬೇಕು. ಒಬ್ಬರು ಅಂದರೂ ಸಾಕು, ಕುರ್ಚಿ ಎಡಕ್ಕೆ ಮಗುಚಿಕೊಳ್ಳುತ್ತದೆ. ಯಾರೂ ಮುಟ್ಟಬೇಕಾಗಿಲ್ಲ. ಕೂತವರೂ ನೆಲಕ್ಕೆ, ಅವರ ಅಧ್ಯಕ್ಷಗಿರಿಯೂ ನೆಲಕ್ಕೆ. ನಾನು ಕುರ್ಚಿ ಎತ್ತಿ ಮತ್ತೆ ಕಟ್ಟೆಯ ಮೇಲಿಡುತ್ತಿದ್ದೆ, ಗುಮಾಸ್ತ ನರಹರಿ ಪಾಳಿಯಲ್ಲಿ ಮುಂದಿನ ಹೆಸರು ಕೂಗುತ್ತಿದ್ದ, ಅವರು ಬಂದು ಕೂರುತ್ತಿದ್ದರು. ಎರಡು ತಿಂಗಳು ಬಾಳಿದವರು ನಮ್ಮಲ್ಲಿ ದೀರ್ಘಾಯುಷಿಗಳು.

ಊರು ಇದಕ್ಕೆ ಹೊಂದಿಕೊಂಡಿತ್ತು. ಅಧ್ಯಕ್ಷರ ಹೆಸರನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮದುವೆ ಕರೆಯೋಲೆಯಲ್ಲಿ 'ಅಂದಿನ ಅಧ್ಯಕ್ಷರು' ಅಂತ ಅಚ್ಚು ಹಾಕಿಸುತ್ತಿದ್ದರು, ಹೆಸರು ಹಾಕಿಸಿ ಮರ್ಯಾದೆ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದರು. ಮೆಂಬರುಗಳು ಬೀಳುವುದನ್ನೂ ಕಲಿತಿದ್ದರು. ಎಡಗೈ ಊರಿ, ತಲೆ ಬಗ್ಗಿಸಿ, ಪಂಚೆ ಜಾರದಂತೆ ಒಂದು ಉರುಳು ಉರುಳಿ ಎದ್ದು ಮೀಸೆ ತಿರುವಿಕೊಂಡರೆ ಮುಗಿಯಿತು. ಹೆಂಗಸರು ಮನೆಯಲ್ಲಿ ಕೂಡ ಊಹೂಂ ಅನ್ನುತ್ತಿರಲಿಲ್ಲ, 'ಆಮೇಲೆ ನೋಡಣ' ಅನ್ನುತ್ತಿದ್ದರು. ನಾನು ಹಾಗಲ್ಲ, ಬೇಡದ್ದಕ್ಕೆ ಬೇಡ ಅನ್ನುವವಳು. ಅದಕ್ಕೇ ನಮ್ಮತ್ತೆಗೂ ನನಗೂ ಎಣ್ಣೆ ಸೀಗೇಕಾಯಿ.

ಅಧ್ಯಕ್ಷರು ಬದಲಾದಷ್ಟು ಬೇಗ ನಮ್ಮೂರಲ್ಲಿ ಯಾವುದೂ ಬದಲಾಗುತ್ತಿರಲಿಲ್ಲ, ಕಟ್ಟಳೆಯಷ್ಟು ನಿಧಾನಕ್ಕೂ ಯಾವುದೂ ಬದಲಾಗುತ್ತಿರಲಿಲ್ಲ. ಕುದುರೆ ಸಾಕಿದವರು ಅದರ ಕೊರಳಿಗೆ ಗಂಟೆ ಕಟ್ಟಬೇಕು ಅಂತ ಈಗಲೂ ಕಟ್ಟಳೆ ಇದೆ. ಊರಲ್ಲಿ ಕುದುರೆ ಕಂಡವರು ಯಾರೂ ಬದುಕಿಲ್ಲ. ಇನ್ನೊಂದು ಕಟ್ಟಳೆ: ಭಾರದ ಗಾಡಿಗಳು ಇಳಿಜಾರು ಬೀದಿಯಲ್ಲೇ ಇಳಿಯತಕ್ಕದ್ದು, ಪಲ್ಲಕ್ಕಿ ಬೀದಿಗೆ ಬರತಕ್ಕದ್ದಲ್ಲ. ಪಲ್ಲಕ್ಕಿ ಹೋಗಿ ಮೂರು ತಲೆಮಾರಾಯಿತು. ಎತ್ತಿನ ಗಾಡಿ ಹೋಗಿ ಗುಡ್ಡದ ಮೇಲಿನ ಕ್ವಾರಿಯಿಂದ ಕಲ್ಲು ಹೇರಿದ ಟ್ರ್ಯಾಕ್ಟರುಗಳು ಬಂದವು. ಅವು ಅಗಲವಾದ ಪಲ್ಲಕ್ಕಿ ಬೀದಿ ಬಿಟ್ಟು, ಎದುರು ಬದುರು ಮನೆಯವರು ಕೈ ಚಾಚಿದರೆ ಸಕ್ಕರೆ ಕಡ ಕೊಡಬಹುದಾದಂಥ ಇಳಿಜಾರು ಬೀದಿಯಲ್ಲೇ ಇಳಿಯುತ್ತಿದ್ದವು. ನಮ್ಮ ಮನೆ ಇರುವುದು ಅಲ್ಲಿ.

ನಾಲ್ಕು ವರ್ಷದ ಹಿಂದೆ ನಮ್ಮನೆಯವರು, ಹಾಲಪ್ಪ ಅಂತ, ಒಗ್ಗರಣೆಗೆ ಕರಿಬೇವು ತರಲು ಹೋಗಿ ಬರುವಾಗ ಒಂದು ಟ್ರ್ಯಾಕ್ಟರಿನ ಬ್ರೇಕು ಹಿಡಿಯಲಿಲ್ಲ. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕರಿಬೇವು ಕೈಯಲ್ಲೇ ಇತ್ತು. ಆಮೇಲೆ ಕೇರಿಯವರು ಕನಿಕರಪಟ್ಟು ಅವರನ್ನೇ ಮೆಂಬರು ಮಾಡಿದರು. ಕಾಲಿಲ್ಲದವನನ್ನು ಬೀಳಿಸುವುದು ಪಾಪ ಅಂತ ಪಾಳಿಯಿಂದ ಅವರ ಹೆಸರನ್ನು ಬಿಟ್ಟರು. ಬೆಂಚಿನ ಕೊನೆಯಲ್ಲಿ ಊರುಗೋಲು ಒರಗಿಸಿಕೊಂಡು ಕೂತು ಎಲ್ಲದಕ್ಕೂ ಹೂಂ ಅಂದುಕೊಂಡಿದ್ದರು. ಟ್ರ್ಯಾಕ್ಟರು ಪಲ್ಲಕ್ಕಿ ಬೀದಿಗೆ ಹೋಗಲಿ ಅನ್ನುವ ಮಾತು ಈ ನಾಲ್ಕು ವರ್ಷದಲ್ಲಿ ಒಂಬತ್ತು ಸಲ ಎದ್ದಿತು, ಒಂಬತ್ತು ಸಲವೂ ಬಿತ್ತು. ಬೀಳಿಸಿದವರು ಕೆಟ್ಟವರೂ ಅಲ್ಲ. ಒಬ್ಬರ ಭಾವಮೈದುನನ ಟೀ ಅಂಗಡಿ ಇಳಿಜಾರಿನ ತುದಿಯಲ್ಲಿತ್ತು. ಒಬ್ಬರಿಗೆ ಅಂದಿನ ಅಧ್ಯಕ್ಷರ ಮೇಲೆ ಹಳೇ ಮುನಿಸು. ಒಬ್ಬರಂತೂ ನಿದ್ದೆಯಿಂದ ಎದ್ದು ಬೇರೆ ಯಾವುದೋ ಮಾತು ಅಂದುಕೊಂಡು ಬಂದು ಊಹೂಂ ಅಂದು ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಮ್ಮಲ್ಲಿ ಒಂಬತ್ತು ಜನ ಪೂಜಾರಿಗಳು.

ಅವರಲ್ಲಿ ದೊಡ್ಡ ಪೂಜಾರಿ ಅಂದರೆ ಪೇಟೆ ಕೇರಿಯ ಜಯದೇವಪ್ಪನವರು. ಹದಿನೇಳು ವರ್ಷದಿಂದ ಮೆಂಬರು, ಒಂದು ದಿನವೂ ಕುರ್ಚಿಯಲ್ಲಿ ಕೂತವರಲ್ಲ. ತಮ್ಮ ಪಾಳಿ ಬರುವ ವಾರ ಅವರಿಗೆ ತಪ್ಪದೆ ಜ್ವರ ಬರುತ್ತಿತ್ತು, ಪಾಳಿ ದಾಟಿದ ಮರುದಿನ ಇಳಿಯುತ್ತಿತ್ತು. ಅವರು ಶಾಲು ಸರಿಮಾಡಿಕೊಂಡು ಎದ್ದರೆ ಕುರ್ಚಿಯಲ್ಲಿದ್ದವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಪಲ್ಲಕ್ಕಿ ಬೀದಿಯಲ್ಲಿ ಅವರು ಹೊಸ ಮನೆ ಕಟ್ಟಿಸಿದ್ದರು, ಮುಂದಿನ ಗೋಡೆಗೆಲ್ಲ ಬಿಳಿ ಟೈಲ್ಸು. ಅಲ್ಲಿ ಧೂಳು ಏಳುವುದು ಅವರಿಗೆ ಬೇಕಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ, ಕಲ್ಲಿನ ಟ್ರ್ಯಾಕ್ಟರೊಂದು ಇಳಿಜಾರಿನಲ್ಲಿ ಜಾರಿ ಅಂಗನವಾಡಿಯ ಗೋಡೆ ಒಡೆದುಕೊಂಡು ಒಳಗೆ ನುಗ್ಗಿತು. ಅಲ್ಲಿ ಟೀಚರು ನನ್ನ ಮಗಳು ಶಿವಲೀಲ. ಇಪ್ಪತ್ತೆರಡು ಮಕ್ಕಳು. ಊಟದ ಹೊತ್ತು, ಮಕ್ಕಳೆಲ್ಲ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದವು. ನಾನು ಓಡಿ ಹೋಗಿ ನೋಡಿದರೆ ಸಾಲಾಗಿ ಇಟ್ಟ ತಟ್ಟೆಗಳ ಮೇಲೆ ಕಲ್ಲು ಬಿದ್ದಿದ್ದವು. ಮಗಳು ಒಂದೊಂದೇ ಮಗುವಿನ ತಲೆ ಮುಟ್ಟಿ ಎಣಿಸುತ್ತಿದ್ದಳು, ಇಪ್ಪತ್ತೆರಡಕ್ಕೆ ಬಂದು ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. "ಸಾಕು ಬಿಡೇ, ಎಲ್ಲಾ ಅವೆ," ಅಂದೆ. "ಇವತ್ತು ಅವೆ ಕಣಮ್ಮ," ಅಂದಳು, "ನಾಳೆ ಕೈ ತೊಳೆಯೋದು ಐದು ನಿಮಿಷ ತಡ ಆದ್ರೆ?" ಇನ್ನು ಈ ಕುರ್ಚಿಯನ್ನು ಸುಮ್ಮನೆ ಎತ್ತಿಡುವವಳಲ್ಲ ನಾನು ಅಂತ ಅಲ್ಲೇ ನಿಶ್ಚಯ ಮಾಡಿದೆ.

ಮರುದಿನ ಬೆಳಗ್ಗೆ ಚಾವಡಿ ಗುಡಿಸಲು ಹೋದವಳು ಪೊರಕೆ ಮೂಲೆಗಿಟ್ಟು ಕಟ್ಟಳೆ ಪುಸ್ತಕ ತೆಗೆದು ಕೂತೆ. ನಾನು ಏಳನೇ ಕ್ಲಾಸು ಪಾಸಾದವಳು. ನರಹರಿ ಬಂದು, "ಇದೇನು ತಿಪ್ಪಕ್ಕ, ಲಾಯರಿಕೆ ಓದ್ತಿದೀಯಾ?" ಅಂತ ನಕ್ಕ. ಕುರ್ಚಿಯ ವಿಷಯ ಮೂರೇ ಸಾಲಿನಲ್ಲಿತ್ತು. ಒಪ್ಪದವನು ಗೆರೆಗೆ ಬಂದು ಸಭೆಯ ಮುಂದೆ ನಿಂತು ಊಹೂಂ ಎನ್ನತಕ್ಕದ್ದು. ಕುರ್ಚಿ ಬಿದ್ದಲ್ಲಿ ಎತ್ತುವವರು ಅದನ್ನು ಎತ್ತಿ ಮುಂದಿನವನಿಗೆ ಇಡತಕ್ಕದ್ದು. ಇಟ್ಟ ಕುರ್ಚಿಯನ್ನು ಬೇಡವೆಂದವನ ಕೇರಿಗೆ ಆ ವರ್ಷ ಸಭೆಯಲ್ಲಿ ಮಾತಿಲ್ಲ. ಇಷ್ಟೇ. ಪಾಳಿ ಅನ್ನುವ ಪದವೇ ಇರಲಿಲ್ಲ.

ನಾನು 'ಮುಂದಿನವನಿಗೆ' ಅನ್ನುವ ಮಾತಿನ ಮೇಲೆ ಬೆರಳಿಟ್ಟು, "ನರಹರಿ, ಮುಂದಿನವನು ಅಂದ್ರೆ ಯಾರಪ್ಪ?" ಅಂದೆ. "ಇನ್ಯಾರು, ಪಾಳೀಲಿ ಮುಂದಿನವರು," ಅಂದ. "ಪಾಳಿ ಎಲ್ಲೈತೆ ತೋರ್ಸು." ಅವನು ಕನ್ನಡಕ ಏರಿಸಿಕೊಂಡು ಪುಟ ಹಿಂದೆ ಮುಂದೆ ತಿರುವಿದ. "ಬರ್ದಿಲ್ಲ. ಆದ್ರೆ ನಿಮ್ಮತ್ತೆ ಕಾಲದಿಂದ ಹಂಗೇ ಮಾಡ್ಕಂಡ್ ಬಂದಿರೋದಲ್ವಾ?" ಅಂದ. "ಮುಂದೆ ನಿಂತವನೂ ಮುಂದಿನವನೇ ಅಲ್ವೇನೋ?" ಅಂದೆ. ನರಹರಿ ಆ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ಪುಸ್ತಕ ಮುಚ್ಚಿ, "ತಿಪ್ಪಕ್ಕ, ನಾನು ಏನೂ ಕೇಳ್ಸಿಕೊಳ್ಳಲಿಲ್ಲ," ಅಂದ. ಆದರೆ ಅವನ ಮುಖದಲ್ಲಿ ನಗು ಇತ್ತು.

ಆಗ ಅಧ್ಯಕ್ಷರಾಗಿದ್ದವರು ರಿಟೈರಾದ ಪಂಚಾಕ್ಷರಿ ಮೇಷ್ಟ್ರು. ಅವರ ಮನೆಗೆ ಹೋಗಿ ಇಳಿಜಾರಿನ ಮಾತನ್ನು ಹತ್ತನೇ ಸಲ ಎತ್ತಿ ಅಂದೆ. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. "ಕೂತು ಹನ್ನೆರಡು ದಿನ ಆಯ್ತಮ್ಮ. ಇನ್ನೂ ಒಂದು ಫೋಟೋನೂ ತೆಗೆಸಿಕೊಂಡಿಲ್ಲ," ಅಂದರು. "ಇವತ್ತೇ ತೆಗೆಸ್ಕಳಿ ಮೇಷ್ಟ್ರೇ, ಸೋಮವಾರ ಬೀಳ್ತೀರಿ," ಅಂದೆ. ಒಳ್ಳೆಯ ಮನುಷ್ಯರು, ಅಂಗನವಾಡಿಯ ತಟ್ಟೆಗಳನ್ನು ಅವರೂ ನೋಡಿದ್ದರು. ಅಂದೇ ಸಂಜೆ ಸ್ಟುಡಿಯೋಗೆ ಹೋಗಿ ಬಂದರಂತೆ.

ಸೋಮವಾರ ಹನ್ನೊಂದು ಗಂಟೆಗೆ ಸಭೆ. ಮೇಷ್ಟ್ರು ಮಾತು ಎತ್ತಿದರು. ಏಳು ಜನ ಹೂಂ ಅಂದರು. ಜಯದೇವಪ್ಪನವರು ಶಾಲು ಸರಿಮಾಡಿಕೊಂಡು ಎದ್ದು, ಗೆರೆಗೆ ಬಂದು, "ಊಹೂಂ" ಅಂದರು. ಕುರ್ಚಿ ಮಗುಚಿತು, ಮೇಷ್ಟ್ರು ಚೆನ್ನಾಗಿಯೇ ಉರುಳಿದರು. ನಾನು ಕುರ್ಚಿ ಎತ್ತಿದೆ. ಎತ್ತಿ ಕಟ್ಟೆಯ ಕಡೆ ಹೋಗದೆ ಕೆಳಗಿಳಿದು, ಬೆಂಚಿಗೆ ವಾಪಸು ಹೊರಟಿದ್ದ ಜಯದೇವಪ್ಪನವರ ಎದುರಿಗೆ ಇಟ್ಟೆ. "ಕೂತ್ಕಳಿ ಸ್ವಾಮಿ," ಅಂದೆ. "ಏನಮ್ಮಾ ಇದು ಹುಡುಗಾಟ?" ಅಂದರು. "ನರಹರಿ, ಓದಪ್ಪ," ಅಂದೆ. ನರಹರಿ ಗಟ್ಟಿಯಾಗಿ ಓದಿದ. ಮುಂದಿನವನಿಗೆ ಅನ್ನುವಲ್ಲಿ ಸ್ವಲ್ಪ ನಿಲ್ಲಿಸಿಯೇ ಓದಿದ.

ಚಾವಡಿಯಲ್ಲಿ ಗಲಾಟೆಯೋ ಗಲಾಟೆ. ಕುಂಬಾರ ಕೇರಿಯ ಮೆಂಬರು ಎದ್ದು, "ಇದು ನಡೆಯೋದಿಲ್ಲ, ಪಾಳಿ ಅಂದ್ರೆ ಪಾಳಿ!" ಅಂದರು. "ಒಪ್ಪಿಗೆ ಇಲ್ವಾ ಅಣ್ಣ? ಗೆರೆಗೆ ಬಂದು ಹೇಳಿ," ಅಂದೆ. ಅವರು ಒಂದು ಹೆಜ್ಜೆ ಇಟ್ಟರು. ಗೆರೆ ನೋಡಿದರು, ಕುರ್ಚಿ ನೋಡಿದರು, ನನ್ನ ಕೈ ನೋಡಿದರು. "ಅಲ್ಲ, ಸುಮ್ನೆ ಹೇಳ್ದೆ," ಅಂತ ಕೂತುಬಿಟ್ಟರು. ಜಯದೇವಪ್ಪನವರಿಗೆ ದಾರಿ ಎರಡೇ: ಕೂರಬೇಕು, ಇಲ್ಲವೇ ಪೇಟೆ ಕೇರಿಗೆ ವರ್ಷಪೂರ್ತಿ ಮಾತಿಲ್ಲ. ಕೂತರು. ಮಾಡಿದ್ದುಣ್ಣೋ ಮಹರಾಯ ಅಂತ ನಾನು ಮನಸ್ಸಿನಲ್ಲೇ ಹಿಗ್ಗಿದೆ.

ನಾನು ಎಷ್ಟು ದಡ್ಡಿ ಅಂತ ತಿಳಿಯಲು ಎರಡೇ ವಾರ ಸಾಕಾಯಿತು. ಊಹೂಂ ಅಂದವರ ಕಾಲಡಿಗೇ ಕುರ್ಚಿ ಬರುತ್ತದೆ ಅಂದ ಮೇಲೆ ಯಾರೂ ಗೆರೆಯ ಹತ್ತಿರ ಸುಳಿಯಲಿಲ್ಲ. ಜಯದೇವಪ್ಪನವರು ಏನು ಎತ್ತಿದರೂ ಹೂಂ. ಪೇಟೆಗೆ ಹೊಸ ಕಮಾನು, ಹೂಂ. ಅವರ ಮನೆ ಮುಂದೆ ಎರಡು ದೀಪದ ಕಂಬ, ಹೂಂ. ಇಳಿಜಾರಿನ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತುವುದು ಬಿಡುವುದು ಕುರ್ಚಿಯಲ್ಲಿ ಕೂತವರ ಕೈಯಲ್ಲಿತ್ತಲ್ಲ. ಒಂದು ತಿಂಗಳಾದ ಮೇಲೆ ಬೋರ್ಡಿನ ಮೇಲೆ ತಮ್ಮ ಹೆಸರನ್ನು ಎಣ್ಣೆ ಬಣ್ಣದಲ್ಲಿ ಬರೆಸಿದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗಾಯಿತು. ಬೀಳಿಸುವವರಿಂದ ಊರನ್ನು ಬಿಡಿಸಲು ಹೋಗಿ, ಬೀಳದವನೊಬ್ಬನನ್ನು ನಾನೇ ಕೈಯಾರೆ ಕೂರಿಸಿದ್ದೆ.

ಆಮೇಲೆ ಬಂತು ನೋಡಿ, ಮುಂದಿನ ಸೋಮವಾರ ಎತ್ತುವ ಮಾತಿನ ಚೀಟಿ. ಇಳಿಜಾರು ಅಪಾಯದ ಜಾಗವಾದ್ದರಿಂದ ಅಲ್ಲಿನ ಅಂಗನವಾಡಿಯನ್ನು ಮುಚ್ಚಿ, ಮಕ್ಕಳು ಗುಡ್ಡ ಹತ್ತಿ ಪೇಟೆಗೆ ಬರತಕ್ಕದ್ದು. ರಾತ್ರಿ ಊಟಕ್ಕೆ ಕೂತಾಗ ಶಿವಲೀಲ ಅದನ್ನು ಓದಿ, "ಅಂದ್ರೆ ಮೂರು ವರ್ಷದ ಮಕ್ಕಳು ದಿನಾ ಎರಡು ಹೊತ್ತು ಟ್ರ್ಯಾಕ್ಟರ್ ನಡುವೆ ನಡೀಬೇಕಾ?" ಅಂತ ಕೇಳಿದಳು. ಅವಳು ತಟ್ಟೆಗೆ ಕೈ ಹಾಕದೆ ಎದ್ದು ಹೋದಳು.

ನಾನು ನಮ್ಮನೆಯವರ ಮುಖ ನೋಡಿದೆ. ಅವರಿಗೆ ತಿಳಿಯಿತು. "ನನ್ನ ಕೂರಿಸ್ಬೇಕು ಅಂತಿದೀಯಾ?" ಅಂದರು. ಪಾಳಿಯಲ್ಲಿ ಕೂತು ಬಿದ್ದವರಿಗೆ ಬೀಳಲು ಬರುತ್ತದೆ, ಇವರಿಗೆ ಬರುವುದಿಲ್ಲ. ಊರಲು ಬಲಗಾಲಿಲ್ಲ. ಕಟ್ಟೆಯ ಮೇಲಿಂದ ಬಿದ್ದರೆ ಸೊಂಟವೋ ತಲೆಯೋ. ನಾಲ್ಕು ವರ್ಷ ಇವರನ್ನು ಬಚ್ಚಲಿಗೆ ಕೂಡ ಕೈ ಹಿಡಿದು ಕರೆದೊಯ್ದವಳು ನಾನು, ಈಗ ನಾನೇ ಹೋಗಿ ಆ ಕುರ್ಚಿಯಲ್ಲಿ ಕೂರಿಸಬೇಕೇ? ನನಗೆ ಅಳು ಬಂತು. "ಬ್ಯಾಡ ಬಿಡಿ, ಬೇರೆ ಏನಾದ್ರೂ ನೋಡಣ," ಅಂದೆ. ನಾನೂ ಕೊನೆಗೆ 'ನೋಡಣ' ಅಂದುಬಿಟ್ಟಿದ್ದೆ. ಅವರು ನಕ್ಕರು. "ಲೇ ತಿಪ್ಪಿ, ಬಿದ್ರೆ ಎತ್ತೋಳು ಯಾರು?" ಅಂದರು. "ನಾನೇ." "ಮತ್ತಿನ್ನೇನು? ಬಿಳೀ ಪಂಚೆ ತೆಗೆದಿಡು."

ಸೋಮವಾರ ಚಾವಡಿ ತುಂಬಿತ್ತು, ಇಳಿಜಾರಿನ ಹೆಂಗಸರೆಲ್ಲ ಕಂಕುಳಲ್ಲಿ ಮಕ್ಕಳನ್ನು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಜಯದೇವಪ್ಪನವರು ಚೀಟಿ ಓದಿದರು. ಏಳು ಹೂಂ ಬಂದವು, ಕೆಲವು ಕೇಳಿಸದಷ್ಟು ಸಣ್ಣಗೆ. ಕೊನೆಯಲ್ಲಿ ನಮ್ಮನೆಯವರು. ಅವರ ಹೂಂ ಬಂದೇ ಬಿಟ್ಟಿತು ಅಂತ ನರಹರಿ ಬರೆಯಲು ಶುರುಮಾಡಿದ್ದ. ಊರುಗೋಲು ಟಕ್ ಅಂದಿತು. ಬೆಂಚಿನಿಂದ ಗೆರೆಗೆ ಹದಿನಾಲ್ಕು ಟಕ್. ಅಲ್ಲಿ ನಿಂತು ಉಸಿರು ತೆಗೆದುಕೊಂಡು, "ಊಹೂಂ" ಅಂದರು. ಮೆಂಬರಾದ ಮೇಲೆ ಅವರ ಬಾಯಿಂದ ಬಂದ ಮೊದಲ ಊಹೂಂ.

ಜಯದೇವಪ್ಪನವರಿಗೆ ಬಿದ್ದು ಅಭ್ಯಾಸವೇ ಇರಲಿಲ್ಲ ನೋಡಿ. ಕುರ್ಚಿಯನ್ನು ಹಿಡಿದುಕೊಂಡೇ ಬಿದ್ದರು, ಎಡ ಮಣಿಕಟ್ಟು ಉಳುಕಿತು. ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅವರನ್ನು ಬೆಂಚಿಗೆ ಕೂರಿಸಿ, ಕುರ್ಚಿ ಎತ್ತಿ, ನನ್ನ ಗಂಡನ ಮುಂದಿಟ್ಟೆ. ಅದು ನೂರಾ ಹದಿನಾರನೆಯದು. ಅವರು ಕೂತರು. ಇಬ್ಬರು ಸೇರಿ ಕುರ್ಚಿ ಸಮೇತ ಅವರನ್ನು ಕಟ್ಟೆಯ ಮೇಲಿಟ್ಟರು. ನಾನು ರೂಢಿಯಂತೆ ಕುರ್ಚಿಯ ಬಲಕ್ಕೆ ನಿಂತೆ. ಬೀಳುವ ತನಕ ಎತ್ತುವವಳು ಕುರ್ಚಿ ಮುಟ್ಟಬಾರದು. ಮುಟ್ಟಿದರೆ ಸಭೆಯೇ ಅಸಿಂಧು.

"ನಾನು ಎತ್ತೋದು ಒಂದೇ ಮಾತು," ಅಂದರು ನಮ್ಮನೆಯವರು. "ನಾಳೆಯಿಂದ ಕಲ್ಲಿನ ಟ್ರ್ಯಾಕ್ಟರ್ ಪಲ್ಲಕ್ಕಿ ಬೀದೀಲಿ ಹೋಗ್ಲಿ. ಜಯದೇವಪ್ಪಣ್ಣ, ನಿಮಗೆ ಒಪ್ಪಿಗೆ ಇಲ್ಲ ಅಂತ ಗೊತ್ತು. ನೀವು ಗೆರೆಗೆ ಬನ್ನಿ, ನಾನು ಬೀಳ್ತೀನಿ. ಕುರ್ಚಿ ನಿಮಗೆ ಬರ್ತದೆ. ಆಗ ನಾನು ಗೆರೆಗೆ ಬರ್ತೀನಿ, ನೀವು ಬೀಳ್ತೀರಿ. ಸಂಜೆತನಕ ಬೇಕಾದ್ರೂ ಹಿಂಗೇ ಆಡಣ. ನಾಳೆನೂ ಆಡಣ. ನಂದು ಒಂದು ಕಾಲು ಹೋಗೈತೆ, ನಂಗೇನೂ ಭಯ ಇಲ್ಲ." ಇಷ್ಟು ಉದ್ದದ ಮಾತನ್ನು ಅವರು ನಮ್ಮ ಮದುವೆಯಲ್ಲೂ ಆಡಿರಲಿಲ್ಲ.

ಹೂಂ, ಹೂಂ, ಹೂಂ. ಕುಂಬಾರ ಕೇರಿಯವರೂ ಹೂಂ. ಮೇಷ್ಟ್ರು ಎಲ್ಲರಿಗಿಂತ ಗಟ್ಟಿಯಾಗಿ ಹೂಂ. ಏಳಾಯಿತು. ಉಳಿದವರು ಒಬ್ಬರೇ. ಜಯದೇವಪ್ಪನವರು ಉಳುಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದರು. ಶಾಲು ಸರಿಮಾಡಿಕೊಳ್ಳಲು ಕೈ ಬಿಡುವಿರಲಿಲ್ಲ. ಗೆರೆಗೆ ಬಂದರು. ಬಾಗಿಲಲ್ಲಿದ್ದ ಹೆಂಗಸರು ಮಕ್ಕಳನ್ನು ಎದೆಗೆ ಒತ್ತಿಕೊಂಡರು. ಜಯದೇವಪ್ಪನವರು ಬಾಯಿ ತೆರೆದು, "ಊ—" ಅಂದರು.

ಕುರ್ಚಿಯ ಬಲಗಾಲುಗಳು ನೆಲ ಬಿಟ್ಟವು. ಒಂದು ಗೇಣು ಎದ್ದವು. ನನ್ನ ಗಂಡ ಎಡಕ್ಕೆ ವಾಲಿದರು, ಹಿಡಿಯಲು ಏನೂ ಇಲ್ಲದೆ ಗಾಳಿಯಲ್ಲಿ ಕೈಯಾಡಿಸಿದರು. ಮುಂದಕ್ಕೆ ನುಗ್ಗಿದೆ. ಕೈಯನ್ನು ತಡೆದುಕೊಂಡೆ, ಕಾಲನ್ನು ತಡೆಯಲಾಗಲಿಲ್ಲ. ಜಯದೇವಪ್ಪನವರು ನನ್ನನ್ನು ನೋಡಿದರು. ಕುರ್ಚಿ ಎತ್ತಲು ಸೆರಗು ಸಿಕ್ಕಿಸಿ ನಿಂತವಳನ್ನು ನೋಡಿದರು. ಎತ್ತಿ ಅದನ್ನು ಎಲ್ಲಿಡುತ್ತೇನೆ ಅನ್ನುವುದು ಅವರಿಗೆ ಗೊತ್ತಿತ್ತು. ಆಮೇಲೆ ಏನಾಗುತ್ತದೆ ಅನ್ನುವುದೂ ಮಣಿಕಟ್ಟಿಗೆ ಗೊತ್ತಿತ್ತು. ಬಾಯಲ್ಲಿ ಆ 'ಊ' ಹಾಗೇ ನಿಂತಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಊ... ಊರು," ಅಂದರು ಕೊನೆಗೆ. "ಊರೆಲ್ಲ ಏನಂತದೋ ನಂದೂ ಅದೇ. ಹೂಂ."

ಕುರ್ಚಿ ಧಡ್ ಅಂತ ನಾಲ್ಕು ಕಾಲಿನ ಮೇಲೆ ಕೂತಿತು. ಅದರಲ್ಲಿ ಒಂದು ಕಾಲು ನನ್ನ ಹೆಬ್ಬೆರಳಿನ ಮೇಲೆ ಕೂತಿತು. 'ಊ' ಅಂತ ನನ್ನ ಬಾಯಿಗೂ ಬಂತು ನೋಡಿ! ಆ ಚಾವಡಿಯಲ್ಲಿ, ಆ ಹೊತ್ತಿನಲ್ಲಿ ಆ ಸದ್ದು ಮಾಡಲಾದೀತೇ? ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಕಣ್ಣಲ್ಲಿ ನೀರು ಸುರಿಯಿತು. ಎಲ್ಲರೂ ಸಂತೋಷದ ಕಣ್ಣೀರು ಅಂದುಕೊಂಡರು. ಅದೂ ಇತ್ತು. ನರಹರಿ ಕಟ್ಟಳೆ ಪುಸ್ತಕದಲ್ಲಿ ಪಲ್ಲಕ್ಕಿ ಬೀದಿಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದ. ಆ ಪುಸ್ತಕದಲ್ಲಿ ಯಾರಾದರೂ ಏನನ್ನಾದರೂ ಹೊಡೆದುಹಾಕಿದ್ದನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲವಂತೆ.

ಮರುದಿನ ಬೆಳಗ್ಗೆ ಟ್ರ್ಯಾಕ್ಟರಿನ ಸದ್ದು ಪಲ್ಲಕ್ಕಿ ಬೀದಿಯ ಕಡೆಯಿಂದ ಕೇಳಿಸಿತು. ಜಯದೇವಪ್ಪನವರ ಟೈಲ್ಸಿಗೆ ಧೂಳು ಕೂತಿದೆ, ದಿನಾ ಒರೆಸುತ್ತಾರೆ, ಪಾಪ. ಶಿವಲೀಲ ಹೊಸ ತಟ್ಟೆ ತೊಳೆದು ಸಾಲಾಗಿ ಇಟ್ಟಿದ್ದಳು, ಮಕ್ಕಳನ್ನು ಒಂದೇ ಸಲ ಎಣಿಸಿದಳು. ನಮ್ಮನೆಯವರು ಅಂಗನವಾಡಿ ನೋಡಿ ಬರಬೇಕು ಅಂತ ಹೊರಟರು. ನಾಲ್ಕು ವರ್ಷದಿಂದ ಗೋಡೆ ಸವರಿಕೊಂಡೇ ಹೋಗುತ್ತಿದ್ದ ಮನುಷ್ಯ, ಅಂದು ಬಾಗಿಲು ದಾಟಿದವರೇ ಇಳಿಜಾರಿನ ನಟ್ಟನಡುವೆ ಹೋಗಿ ನಿಂತರು. "ಬಾರೇ," ಅಂತ ಕೈ ಚಾಚಿದರು. ನನ್ನ ಹೆಬ್ಬೆರಳು ಬದನೇಕಾಯಿಯಾಗಿತ್ತು. ಅವರು ಕುಂಟುತ್ತ, ನಾನೂ ಕುಂಟುತ್ತ, ಇಬ್ಬರೂ ರಸ್ತೆಯ ಮಧ್ಯದಲ್ಲೇ ಕೆಳಗಿನವರೆಗೂ ಇಳಿದೆವು. ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ.